ಮೂರು ಹಿಡಿಯ ಕೊಡ

ಪ್ರಾಚೀನ ಆಥೆನ್ಸಿನ ನೀರಿನ ಕೊಡಕ್ಕೆ ಮೂರು ಹಿಡಿ. ಪಕ್ಕದ ಎರಡು ಎತ್ತುವುದಕ್ಕೆ, ಬೆನ್ನಿಗಿರುವ ಒಂದು ಬಗ್ಗಿಸಿ ಸುರಿಯುವುದಕ್ಕೆ. ಹೆಸರು ಹೈಡ್ರಿಯಾ. ಕ್ರಿ.ಪೂ. 6ನೇ ಶತಮಾನದ ಎಷ್ಟೋ ಹೈಡ್ರಿಯಾಗಳ ಮೇಲೆ ನೀರಿಗೆ ಬಂದ ಹೆಂಗಸರದೇ ಚಿತ್ರ. ಸಿಂಹದ ಬಾಯಿಂದ ನೀರು ಬೀಳುತ್ತಿದೆ. ಬರುವವರ ತಲೆಯ ಮೇಲೆ ಖಾಲಿ ಕೊಡ ಅಡ್ಡ ಮಲಗಿದೆ, ಹೋಗುವವರ ತಲೆಯ ಮೇಲೆ ತುಂಬಿದ ಕೊಡ ನೆಟ್ಟಗೆ ಕೂತಿದೆ. ನೀರು ಹೊರುವವರನ್ನು ದಿನವೂ ಕಂಡ ಕೈಯೇ ಇದನ್ನು ಬರೆದಿರಬೇಕು. ಇಂದು ಗಾಜಿನ ಪೆಟ್ಟಿಗೆಯಲ್ಲಿರುವ ಈ ಕೊಡಗಳು ಅಂದು ಮನೆಬಳಕೆಯವು. ನನಗೆ ಇವು ಪ್ರಿಯವಾಗಿರುವುದೂ ಅದಕ್ಕೇ.

ಆಥೆನ್ಸಿನ ಕುಂಬಾರಗೇರಿಯ ಹೆಸರು ಕೆರಮೈಕೋಸ್. ಅಲ್ಲಿನವರು ಬಳಸುತ್ತಿದ್ದದ್ದು ಕಬ್ಬಿಣದ ಅಂಶ ಹೆಚ್ಚಿರುವ ಜೇಡಿಮಣ್ಣು. ಪಾತ್ರೆಯ ಮೇಲಿನ ಮಿರುಗುವ ಕಪ್ಪು ಬಣ್ಣವಲ್ಲ, ಅದೂ ಮಣ್ಣೇ. ನೀರಿನಲ್ಲಿ ಕದಡಿ, ತಿಳಿಯಾಗಲು ಬಿಟ್ಟು, ಅತಿ ನುಣ್ಣನೆಯ ಕಣಗಳನ್ನಷ್ಟೇ ಉಳಿಸಿಕೊಂಡ ಮಣ್ಣು. ಅದರಿಂದ ಚಿತ್ರ ಬರೆದು ಆವಿಗೆಗೆ ಇಡುತ್ತಿದ್ದರು. ಮೊದಲು ಗಾಳಿ ಆಡಲು ಬಿಟ್ಟಾಗ ಪಾತ್ರೆಯೆಲ್ಲ ಕೆಂಪು. ಆಮೇಲೆ ಕಿಂಡಿ ಮುಚ್ಚಿ ಹಸಿ ಕಟ್ಟಿಗೆ ಒಟ್ಟಿ ಹೊಗೆ ತುಂಬಿಸಿದರೆ ಎಲ್ಲವೂ ಕಪ್ಪು. ಈ ಹೊತ್ತಿಗೆ ಚಿತ್ರದ ನುಣ್ಣನೆಯ ಮಣ್ಣು ಗಾಜಿನಂತೆ ಬೆಸೆದುಕೊಂಡಿರುತ್ತದೆ. ಮತ್ತೆ ಕಿಂಡಿ ತೆರೆದಾಗ ಬರಿಯ ಮೈ ಕೆಂಪಿಗೆ ಮರಳುತ್ತದೆ, ಬೆಸೆದ ಭಾಗ ಕಪ್ಪಾಗಿಯೇ ಉಳಿಯುತ್ತದೆ. ಇಷ್ಟೂ ಒಂದೇ ಸುಡುವಿಕೆಯಲ್ಲಿ! ಕಿಂಡಿ ತೆರೆಯುವ ಹೊತ್ತು ತಪ್ಪಿದರೆ ತಿಂಗಳ ದುಡಿಮೆ ಹಾಳು.

ಕ್ರಿ.ಪೂ. 525ರ ಸುಮಾರಿಗೆ ಅವರು ಇದನ್ನೇ ತಿರುವಿ ಹಾಕಿದರು: ಹಿನ್ನೆಲೆ ಕಪ್ಪು, ಆಕೃತಿ ಕೆಂಪು. ಸೂಜಿಯಿಂದ ಗೀರುತ್ತಿದ್ದ ಕಣ್ಣು, ಬೆರಳು, ಸೆರಗಿನ ನೆರಿಗೆಗಳನ್ನು ಇನ್ನು ಕುಂಚದಿಂದಲೇ ಬರೆಯಬಹುದಾಯಿತು.

ಈ ಪಾತ್ರೆಗಳಿಗೆ ಇಟಲಿಯ ಎಟ್ರುಸ್ಕನ್ನರು ದೊಡ್ಡ ಗಿರಾಕಿಗಳು. ಸತ್ತವರ ಜೊತೆ ಅವರು ಇವನ್ನು ಗೋರಿಯಲ್ಲಿಟ್ಟಿದ್ದರಿಂದಲೇ ಎಷ್ಟೋ ಪಾತ್ರೆಗಳು ಒಡೆಯದೆ ನಮಗೆ ಸಿಕ್ಕಿವೆ. ನಿಕೊಸ್ಥೆನಿಸ್ ಎಂಬ ಆಥೆನ್ಸಿನ ಕುಂಬಾರ ಅವರ ನಾಡಿನ ಪಾತ್ರೆಯ ಆಕಾರವನ್ನೇ ನೋಡಿ ಹೂಜಿಗಳನ್ನು ಮಾಡಿ ಕಳಿಸಿದ. ಹೀಗೆ ಹಡಗು ಹತ್ತಿದ ಎಷ್ಟೋ ಪಾತ್ರೆಗಳನ್ನು ಬೋರಲು ಹಾಕಿದರೆ ತಳದಲ್ಲಿ ವ್ಯಾಪಾರಿ ಗೀಚಿದ ಗುರುತು ಕಾಣುತ್ತದೆ.

ಊರಲ್ಲೇ ಉಳಿದು ಒಡೆದವುಗಳಿಗೂ ಕೆಲಸವಿತ್ತು. ಯಾರನ್ನು ಹತ್ತು ವರ್ಷ ಗಡೀಪಾರು ಮಾಡಬೇಕೆಂದು ಆಥೆನ್ಸಿನವರು ಬೋಕಿಯ ಮೇಲೆ ಹೆಸರು ಗೀಚಿ ಮತ ಹಾಕುತ್ತಿದ್ದರು. ಅಕ್ರೊಪೊಲಿಸ್ ಗುಡ್ಡದ ಬಡಗಣ ಇಳಿಜಾರಿನ ಬಾವಿಯೊಂದರಲ್ಲಿ ಸುಮಾರು 190 ಬೋಕಿಗಳು ಸಿಕ್ಕಿದವು. ಎಲ್ಲದರ ಮೇಲೂ ಥೆಮಿಸ್ಟೊಕ್ಲಿಸ್ ಎಂಬ ಮುಖಂಡನ ಹೆಸರು, ಬರೆದ ಕೈಗಳು ಮಾತ್ರ ಬೆರಳೆಣಿಕೆಯಷ್ಟು. ಅವುಗಳಲ್ಲಿ ಹೆಚ್ಚಿನವು ವೈನ್ ಬಟ್ಟಲುಗಳ ಮುರಿದ ಪಾದಗಳು.