ಟ್ರಾಕ್ಟರಿನ ಶಕ್ತಿಯೂ ಟ್ರೇಲರಿನ ಭಾರವೂ

ಕಬ್ಬು ಕಡಿಯುವ ಕಾಲ ಬಂದಿತೆಂದರೆ, “ನಮ್ಮ ಟ್ರಾಕ್ಟರು ಎಷ್ಟು ಹೇರಿದರೂ ಎಳೆಯುತ್ತದೆ” ಎಂಬ ಮಾತು ಗ್ರಾಮಗಳಲ್ಲಿ ಹೆಮ್ಮೆಯಿಂದ ಕೇಳಿಬರುವುದು. ಎಳೆಯುವುದು ನಿಜವೇ. ಆದರೆ ಎಳೆಯುವ ಶಕ್ತಿ ಬೇರೆ, ತಡೆದು ನಿಲ್ಲಿಸುವ ಶಕ್ತಿ ಬೇರೆ. ಅಶ್ವಶಕ್ತಿಯನ್ನು ವಿಚಾರಿಸಿ ಟ್ರಾಕ್ಟರನ್ನು ಕೊಳ್ಳುವ ಜಮೀನುದಾರರು ಎರಡನೆಯದನ್ನು ವಿಚಾರಿಸುವುದು ಅಪೂರ್ವ.

ಟ್ರೇಲರಿನ ನೋಂದಣಿ ಪತ್ರದಲ್ಲಿ ಎರಡು ತೂಕಗಳು ನಮೂದಾಗಿರುವುವು: ಖಾಲಿ ತೂಕವೊಂದು, ಹೇರಿದ ಮೇಲೆ ಮೀರಬಾರದ ಒಟ್ಟು ತೂಕವೊಂದು. ಇವೆರಡರ ವ್ಯತ್ಯಾಸವೇ ಹೇರಬಹುದಾದ ಸರಕು. ಟ್ರಾಕ್ಟರಿನ ಕೈಪಿಡಿಯಲ್ಲಿ ಎಳೆಯತಕ್ಕ ಟ್ರೇಲರಿನ ತೂಕವನ್ನು ಇದಕ್ಕಿಂತ ಕಡಿಮೆಯಾಗಿ ತಿಳಿಸಿದ್ದಲ್ಲಿ ಅದನ್ನೇ ಮಿತಿಯೆಂದು ಗ್ರಹಿಸತಕ್ಕದ್ದು.

ತೂಕವನ್ನು ತಿಳಿಯಲು ಪ್ರತ್ಯೇಕ ವೆಚ್ಚವೇನೂ ಇಲ್ಲ. ಸಕ್ಕರೆ ಕಾರ್ಖಾನೆಯ ತೂಕದ ಚೀಟಿಯನ್ನು ಹಣದ ಲೆಕ್ಕಕ್ಕಾಗಿ ಎಲ್ಲರೂ ಜೋಪಾನವಾಗಿ ಇಡುವರು. ಅದನ್ನು ನೋಂದಣಿ ಪತ್ರದ ಪಕ್ಕದಲ್ಲಿಟ್ಟು ನೋಡುವವರನ್ನು ಮಾತ್ರ ನಾನು ಹೆಚ್ಚಾಗಿ ಕಂಡಿಲ್ಲ. ಟ್ರೇಲರಿನ ಖಾಲಿ ತೂಕ 1,500 ಕಿಲೋಗ್ರಾಂ, ಒಟ್ಟು ಮಿತಿ 6,500 ಎಂದಿಟ್ಟುಕೊಳ್ಳೋಣ. ಹೇರತಕ್ಕದ್ದು 5,000. ಚೀಟಿಯಲ್ಲಿ ಕಬ್ಬಿನ ತೂಕ 8,500 ಎಂದಿದ್ದರೆ ಮೂರೂವರೆ ಟನ್ನು ಅಧಿಕವಾಯಿತು. ಟ್ರಾಕ್ಟರಿನ 2,000 ಸೇರಿ, 8,500 ಕಿಲೋಗ್ರಾಂ ಇರಬೇಕಾದ ಜೋಡಿ 12,000 ಆಯಿತು. ಬ್ರೇಕು ಮಾತ್ರ ಹಿಂದಿನದೇ! ಅದೇ ವೇಗದಲ್ಲಿ, ಅದೇ ಹಿಡಿತದಲ್ಲಿ 20 ಗಜದೊಳಗೆ ನಿಲ್ಲುತ್ತಿದ್ದುದು ಈಗ ಸುಮಾರು 28 ಗಜ ಸಾಗಿ ನಿಲ್ಲುವುದು. 20 ಅಡಿಗೆ 1 ಅಡಿ ಇಳಿಯುವ ಇಳಿಜಾರಿನಲ್ಲಿ 10 ಟನ್ನಿನ ಟ್ರೇಲರು ಸುಮಾರು 500 ಕಿಲೋಗ್ರಾಂ ಭಾರದಷ್ಟು ಬಲದಿಂದ ಟ್ರಾಕ್ಟರನ್ನು ಹಿಂದಿನಿಂದ ನೂಕುವುದು. ಟ್ರೇಲರಿಗೆ ಸ್ವಂತ ಬ್ರೇಕಿಲ್ಲದಿದ್ದರೆ ಅದು ಟ್ರಾಕ್ಟರನ್ನೇ ಅಡ್ಡ ತಿರುಗಿಸಿ ಮಗುಚಬಹುದು. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಗೇರು ತಪ್ಪಿಸಿ ಬಿಡುವ ಚಾಲಕನು ಎಂಜಿನ್ನಿನ ತಡೆಯನ್ನೂ ಕಳೆದುಕೊಳ್ಳುವನು.

ಎತ್ತಿನ ಗಾಡಿ ಹೂಡಿದವರಿಗೆ ಮುಂಭಾರ ಹಿಂಭಾರಗಳನ್ನು ವಿವರಿಸಬೇಕಾಗಿಲ್ಲ. ಎರಡು ಚಕ್ರದ ಟ್ರೇಲರಿಗೂ ಅದೇ ನ್ಯಾಯ. ಮುಂಭಾರ ಅತಿಯಾದರೆ ಟ್ರಾಕ್ಟರಿನ ಮುಂದಿನ ಚಕ್ರಗಳು ಹಗುರವಾಗಿ, ತಿರುಗಿಸಿದತ್ತ ತಿರುಗವು. ದಿಣ್ಣೆ ಹತ್ತುವಾಗ ಮೇಲಕ್ಕೇಳಲೂಬಹುದು. ಹಿಂಭಾರವಾದರೆ ಹಿಂದಿನ ಚಕ್ರಗಳ ಹಿಡಿತ ತಪ್ಪಿ ಟ್ರೇಲರು ಓಲಾಡುವುದು. ಅಮೆರಿಕದಲ್ಲಿ ಕಾರಿನ ಹಿಂದೆ ವಾಸದ ಗಾಡಿಯನ್ನು ಕಟ್ಟಿಕೊಂಡು ಸಂಚರಿಸುವವರು ಸಾಮಾನ್ಯವಾಗಿ ಅದರ ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳುವಂತೆ ಸರಕನ್ನು ಜೋಡಿಸುವರು. ನಮ್ಮಲ್ಲಿ ಟ್ರಾಕ್ಟರಿನ ಕೊಂಡಿಗೆ ತಯಾರಕರು ಹೇಳಿರುವ ಮಿತಿಯನ್ನು ಅನುಸರಿಸತಕ್ಕದ್ದು.

ನೋಂದಣಿ ಪತ್ರದ ತೂಕವನ್ನು ಮೀರುವುದನ್ನು 1988ರ ಮೋಟಾರು ವಾಹನಗಳ ಅಧಿನಿಯಮದ 113ನೆಯ ಪ್ರಕರಣವು ನಿಷೇಧಿಸಿದೆ. 194ನೆಯ ಪ್ರಕರಣದಂತೆ ದಂಡವು ಓಡಿಸಿದವನಿಗೆ ಮಾತ್ರವಲ್ಲ, ಓಡಿಸಗೊಟ್ಟವರಿಗೂ ಉಂಟು. ಸಾಗಣೆಯ ಕೂಲಿಯನ್ನು ಟನ್ನಿನ ಮೇಲೆ ಗೊತ್ತುಮಾಡಿರುವಲ್ಲಿ ಚಾಲಕನು ಹೆಚ್ಚು ಹೇರಲು ಆಶೆಪಡುವುದು ಸಹಜ. ಅವನೊಬ್ಬನನ್ನೇ ದೂರಿ ಫಲವಿಲ್ಲ. ಗ್ರಾಮದ ಮುಖ್ಯಸ್ಥರು ಹಂಗಾಮಿಗೆ ಮೊದಲೇ ಟ್ರಾಕ್ಟರಿನವರನ್ನು ಕರೆಸಿ, ಪ್ರತಿಯೊಂದು ಟ್ರೇಲರಿನ ಪಕ್ಕದ ಹಲಗೆಯ ಮೇಲೆ ಹೇರಬಹುದಾದ ತೂಕವನ್ನು ದೊಡ್ಡ ಅಂಕಿಗಳಲ್ಲಿ ಬರೆಯಿಸುವುದು ಯುಕ್ತ. ರಸ್ತೆಗಿಳಿಯುವ ಮುನ್ನ ಎಡಬಲದ ಎರಡು ಬ್ರೇಕು ಪೆಡಲುಗಳನ್ನು ಒಂದಾಗಿ ಬಂಧಿಸಿರುವುದನ್ನು ನೋಡತಕ್ಕದ್ದು. ಒಂದೇ ಪಕ್ಕದ ಬ್ರೇಕು ಹಿಡಿದರೆ ಟ್ರಾಕ್ಟರು ಆ ಕಡೆಗೆ ಹೊರಳುವುದು. ಹೇರಿದ ಕಬ್ಬಿನ ಮೇಲೆ ಕೂಲಿಕಾರರನ್ನಾಗಲಿ ಮಕ್ಕಳನ್ನಾಗಲಿ ಕೂರಿಸಿ ಕಳುಹಿಸಲೇಕೂಡದು.