ಕಚೇರಿಯ ಎಕ್ಸ್‌ಟೆನ್ಶನ್ ಸಂಖ್ಯೆಗಳ ಯೋಜನೆ

ಚಿತ್ರದುರ್ಗದ ಎಸ್‌ಟಿಡಿ ಕೋಡ್ 08194, ಹಿರಿಯೂರಿನದು 08193, ಹೊಸದುರ್ಗದ್ದು 08199, ಹೊಳಲ್ಕೆರೆಯದು 08191. ಇದೇ ಸಾಲಿನ 08192 ದಾವಣಗೆರೆಗೂ 08196 ಜಗಳೂರಿಗೂ ಸಂದಿರುವುದಕ್ಕೆ ಕಾರಣ, 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಆ ಊರುಗಳೂ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದುದು; ಶಿವಮೊಗ್ಗದಿಂದ ಹೊಸ ಜಿಲ್ಲೆಗೆ ಬಂದ ಹೊನ್ನಾಳಿ ಮತ್ತು ಚನ್ನಗಿರಿ ಇಂದಿಗೂ 08188, 08189 ಎಂಬ ಶಿವಮೊಗ್ಗದ ಸಾಲಿನ ಕೋಡ್‌ಗಳನ್ನೇ ಉಳಿಸಿಕೊಂಡಿವೆ. ಜಿಲ್ಲೆಯ ಗಡಿ ಬದಲಾದರೂ ಸಂಖ್ಯೆ ಬದಲಾಗದು ಎಂಬ ಈ ಸಂಗತಿ, ಒಂದು ಕಚೇರಿಯೊಳಗಿನ ದೂರವಾಣಿ ವ್ಯವಸ್ಥೆಗೂ ಅನ್ವಯಿಸುತ್ತದೆ.

ಕಚೇರಿಗೆ ಬರುವ ಕೆಲವೇ ಹೊರಲೈನುಗಳನ್ನು ಹತ್ತಾರು ಮೇಜುಗಳಿಗೆ ಹಂಚುವ ಯಂತ್ರವನ್ನು ಇಪಿಎಬಿಎಕ್ಸ್ ಎಂದೂ, ಪ್ರತಿ ಮೇಜಿನ ಫೋನಿಗೆ ಅದು ಕೊಡುವ ಕಿರುಸಂಖ್ಯೆಯನ್ನು ಎಕ್ಸ್‌ಟೆನ್ಶನ್ ಎಂದೂ ಕರೆಯುತ್ತಾರೆ. ಒತ್ತಿದ ಅಂಕೆಗಳನ್ನು ಯಂತ್ರವು ಒಂದೊಂದಾಗಿ ಓದುತ್ತಾ ಹೋಗುವುದರಿಂದ, ಒಬ್ಬರಿಗೆ 20 ಮತ್ತೊಬ್ಬರಿಗೆ 201 ಎಂದು ಕೊಟ್ಟರೆ, 20 ಒತ್ತಿದ ಮೇಲೆ ಇನ್ನೊಂದು ಅಂಕೆ ಬರುವುದೋ ಇಲ್ಲವೋ ಎಂದು ಅದು ಕಾಯಬೇಕಾಗುತ್ತದೆ. ಆದುದರಿಂದ ಎಲ್ಲ ಎಕ್ಸ್‌ಟೆನ್ಶನ್‌ಗಳಿಗೂ ಸಮಾನ ಅಂಕೆಗಳಿರಬೇಕು, ಮತ್ತು ಯಾವ ಸಂಖ್ಯೆಯೂ ಇನ್ನೊಂದರ ಆರಂಭದ ಭಾಗವಾಗಿರಬಾರದು. ದೇಶದ ಎಸ್‌ಟಿಡಿ ವ್ಯವಸ್ಥೆಯೂ ಈ ಎರಡನೆಯ ನಿಯಮದ ಮೇಲೆಯೇ ನಿಂತಿದೆ: 080 ಬೆಂಗಳೂರಿಗೆ ಮೀಸಲಾದ ಕಾರಣ ಬೇರೆ ಯಾವ ಊರಿನ ಕೋಡ್ ಕೂಡ 080ರಿಂದ ಆರಂಭವಾಗುವುದಿಲ್ಲ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕೂ ಊರುಗಳಲ್ಲಿ ಶಾಖೆಗಳಿರುವ ಒಂದು ಸಹಕಾರ ಸಂಘವು ಅವುಗಳನ್ನೆಲ್ಲ ಒಂದೇ ವ್ಯವಸ್ಥೆಗೆ ಜೋಡಿಸಿಕೊಳ್ಳುತ್ತದೆ ಎಂದು ಭಾವಿಸೋಣ. ನೆನಪಿಗೆ ಸುಲಭವೆಂದು ಎಸ್‌ಟಿಡಿ ಕೋಡಿನ ಕೊನೆಯ ಅಂಕೆಯನ್ನೇ ಶಾಖೆಯ ಗುರುತಾಗಿಸಿದರೆ, ಚಿತ್ರದುರ್ಗಕ್ಕೆ 400ರ ಸಾಲು, ಹಿರಿಯೂರಿಗೆ 300ರ ಸಾಲು ಸರಿಹೊಂದುತ್ತವೆ. ಆದರೆ ಹೊಸದುರ್ಗದ 9 ಹಲವು ಕಚೇರಿಗಳಲ್ಲಿ ಆಪರೇಟರ್‌ಗೆ ಮೀಸಲಾಗಿರುತ್ತದೆ, ಹೊಳಲ್ಕೆರೆಯ 1ರ ಸಾಲಿನಲ್ಲಿ 112, 108ರಂಥ ತುರ್ತು ಸಂಖ್ಯೆಗಳಿವೆ. ಗಾಬರಿಯಲ್ಲಿರುವವರು ಹೊರಲೈನಿಗಾಗಿ ಮೊದಲು 0 ಒತ್ತಬೇಕೆಂಬುದನ್ನು ಮರೆತು ನೇರವಾಗಿ 112 ಒತ್ತಿದರೂ ಕರೆ ಹೊರಹೋಗುವಂತಿರಬೇಕಾದರೆ 1ರ ಸಾಲನ್ನು ಪೂರ್ತಿ ಖಾಲಿ ಬಿಡುವುದೇ ಕ್ಷೇಮ. ಹೀಗೆ 0, 1, 9 ಬಿಟ್ಟರೂ 2ರಿಂದ 8ರವರೆಗಿನ ಸಾಲುಗಳಲ್ಲಿ ಮೂರಂಕೆಯ 700 ಸಂಖ್ಯೆಗಳು ದೊರೆಯುತ್ತವೆ. ಹೊಸದುರ್ಗಕ್ಕೆ 5, ಹೊಳಲ್ಕೆರೆಗೆ 2 ಕೊಟ್ಟರೂ ಮೂರು ಸಾಲುಗಳು ಮುಂದಿನ ಶಾಖೆಗಳಿಗೆ ಉಳಿಯುತ್ತವೆ.

ಎರಡನೆಯ ಅಂಕೆಯನ್ನು ವಿಭಾಗಕ್ಕೆ ಮೀಸಲಿಟ್ಟು, ಎಲ್ಲ ಶಾಖೆಗಳಲ್ಲೂ ಲೆಕ್ಕಪತ್ರಕ್ಕೆ 2, ಸಾಲ ವಿಭಾಗಕ್ಕೆ 3 ಎಂದು ಒಂದೇ ಕ್ರಮವನ್ನು ಅನುಸರಿಸಿದರೆ, ಚಿತ್ರದುರ್ಗದ 421 ಬಲ್ಲವರಿಗೆ ಹಿರಿಯೂರಿನ ಲೆಕ್ಕಪತ್ರ ವಿಭಾಗದ 321 ತಾನಾಗಿಯೇ ಹೊಳೆಯುತ್ತದೆ. ಸಂಖ್ಯೆಯನ್ನು ವ್ಯಕ್ತಿಗೆ ಕೊಡದೆ ಹುದ್ದೆಗೆ ಕೊಟ್ಟರೆ ವರ್ಗಾವಣೆಯಾದಾಗಲೆಲ್ಲ ಪಟ್ಟಿ ತಿದ್ದುವ ಕೆಲಸವೂ ತಪ್ಪುತ್ತದೆ.

ಲೆಟರ್‌ಹೆಡ್, ರಬ್ಬರ್ ಸ್ಟಾಂಪು, ಗೋಡೆಯ ಫಲಕಗಳಿಗೆ ಒಮ್ಮೆ ಏರಿದ ಸಂಖ್ಯೆಯನ್ನು ಹಿಂದೆಗೆದುಕೊಳ್ಳುವುದು ಕಷ್ಟ. ಆದ್ದರಿಂದ ಯಂತ್ರ ಕೊಳ್ಳುವ ಮುನ್ನವೇ ಸಂಖ್ಯೆಗಳ ಪಟ್ಟಿಯನ್ನು ಕಾಗದದ ಮೇಲೆ ಬರೆದು, ಪ್ರತಿ ಸಾಲಿನಲ್ಲೂ ಒಂದಿಷ್ಟು ಜಾಗ ಖಾಲಿ ಬಿಟ್ಟುಕೊಳ್ಳುವುದು ಒಳಿತು.