ಒತ್ತಿಗೆ ಕಾಲು ಚಾಚಲು ಜಾಗ

ಧಾರವಾಡದ ಅಚ್ಚುಕೂಟವೊಂದರಲ್ಲಿ ದಶಕಗಟ್ಟಲೆ ಮೊಳೆ ಜೋಡಿಸಿದ ಹಿರಿಯರೊಬ್ಬರಿದ್ದಾರೆ. ಪುಸ್ತಕ ಕೊಟ್ಟರೆ ತಕ್ಷಣ ಓದುವುದಿಲ್ಲ. ದೂರ ಹಿಡಿದು, ಕಣ್ಣು ಕಿರಿದು ಮಾಡಿ ಪುಟವನ್ನಷ್ಟೇ ನೋಡುತ್ತಾರೆ. ಅಕ್ಷರ ಮಸುಕಾದಾಗ ಪುಟವೆಲ್ಲ ಒಂದೇ ಹದದ ಬೂದು ಬಣ್ಣ ಕಾಣಬೇಕು; ಕಪ್ಪು ಗಂಟೋ ಬಿಳಿ ತೂತೋ ಕಂಡರೆ ಜೋಡಣೆ ಕೆಟ್ಟಿದೆ ಎಂದೇ ಲೆಕ್ಕ. ಪುಟವಿನ್ಯಾಸದ ಮೊದಲ ಪಾಠವೂ ಇದೇ.

ಹೊಸ ಕಾದಂಬರಿಯೊಂದನ್ನು ಅವರ ಮುಂದಿಟ್ಟೆ. ಉಗುರು ‘ರಾಷ್ಟ್ರ’ ಎಂಬಲ್ಲಿ ನಿಂತಿತು. ‘ಷ’ಕಾರಕ್ಕೆ ‘ಟ’ ಒತ್ತು, ಅದಕ್ಕಂಟಿ ‘ರ’ ಒತ್ತು. ಕೆಳಸಾಲಿನ ‘ಕೀರ್ತಿ’ಯ ಗುಡಿಸಿಗೆ ಎರಡೂ ತಾಗಿ ಕೂತಿದ್ದವು. “ಒತ್ತಿಗೆ ಕಾಲ್ ಚಾಚಾಕ ಜಾಗಾ ಬೇಕಲ್ರೀ” ಎಂದರು.

ಅವರ ಕಾಲದಲ್ಲಿ ಆ ಜಾಗಕ್ಕೆ ಸಾಲುಗಳ ನಡುವೆ ಸೀಸದ ತೆಳು ಪಟ್ಟಿ ಇಡುತ್ತಿದ್ದರು. ಅದೇ ‘ಲೆಡ್’. ಸಂಸ್ಕೃತ ಪದ ತುಂಬಿದ ಬರಹವಾದರೆ ಪುಸ್ತಕದುದ್ದಕ್ಕೂ ದಪ್ಪ ಲೆಡ್. ಈಗ ಪೇಜ್‌ಮೇಕರ್, ಇನ್‌ಡಿಸೈನ್‌ಗಳು ತಾವಾಗಿ ಕೊಡುವುದು ಶೇ 120ರ ಅಳತೆ; 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲು. ಒತ್ತಕ್ಷರವೇ ಇಲ್ಲದ ಇಂಗ್ಲಿಷಿಗೆ ಅದು ಸಾಕು. ನಮ್ಮಲ್ಲಿ ಬಹಳ ಮಂದಿ ಅದನ್ನು ಬದಲಿಸುವ ಗೋಜಿಗೇ ಹೋಗುವುದಿಲ್ಲ.

ಕನ್ನಡ ಮುದ್ರಣದ ಚರಿತ್ರೆ ಹೇಳುವವರು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವನ್ನು ಬಿಡುವಂತಿಲ್ಲ. 1843ರ ಜುಲೈ 1ರಂದು ಮಿಷನ್ನಿನ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನದು. ಅದರಲ್ಲಿ ಮೊಳೆಯಿಲ್ಲ, ಕೈಬರಹವೇ ಅಚ್ಚು; ಒತ್ತಿಗೆ ಎಷ್ಟು ಜಾಗ ಬೇಕೆಂದು ಬರೆಯುವ ಕೈಗೇ ಗೊತ್ತಿತ್ತು. 1894ರಲ್ಲಿ ಬಂದ ಕಿಟೆಲ್ ನಿಘಂಟಿನ ಹೊತ್ತಿಗೆ ಮೊಳೆ ಜೋಡಣೆ ಪಳಗಿತ್ತು.

ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಯಾವುದು ಮುಖ್ಯವೆಂದು ತೋರಿಸಲು ಗಾತ್ರ, ದಪ್ಪ, ಸುತ್ತಲಿನ ಖಾಲಿ ಜಾಗ ಇಷ್ಟೇ ಗತಿ. ಹಳೆಯ ಲಗ್ನಪತ್ರಿಕೆ ನೋಡಿ: ವಧೂವರರ ಹೆಸರು ದಪ್ಪ, ಮುಹೂರ್ತ ಪ್ರತ್ಯೇಕ ಸಾಲು, ಉಳಿದದ್ದೆಲ್ಲ ಸಣ್ಣದು. ಇಂದಿನದರಲ್ಲಿ ಐದಾರು ಬಗೆಯ ಫಾಂಟು, ಬಂಗಾರದ ಬಳ್ಳಿ. ಛತ್ರದ ವಿಳಾಸ ಹುಡುಕಲು ಕನ್ನಡಕ ಬೇಕು.

ಇಕ್ಕಟ್ಟಾದ ಅಂಕಣದ ಎರಡೂ ಅಂಚು ಸರಿಗಟ್ಟುವ ಹಟ ಇನ್ನೊಂದು ಪೀಡೆ. ‘ಮಾಡಿಸಿಕೊಳ್ಳಬೇಕಾಗಿದ್ದುದರಿಂದ’ ಎಂಬಂಥ ಪದ ಕೆಳಸಾಲಿಗೆ ಜಾರಿದರೆ ಮೇಲಿನ ಸಾಲು ಹಲ್ಲುದುರಿದ ಬಾಯಿ.

ಆ ಅಚ್ಚುಕೂಟದ ಮೊಳೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಅವುಗಳ ಹಿಂದಿನ ತಿಳಿವಳಿಕೆಯಾದರೂ ಉಳಿಯಲಿ. ಪುಸ್ತಕವನ್ನೋ ಲಗ್ನಪತ್ರಿಕೆಯನ್ನೋ ಅಚ್ಚಿಗೆ ಕೊಡುವವರು ಡಿಟಿಪಿಯವರಿಗೆ ಒಂದು ಮಾತು ಹೇಳಿ: ಸಾಲುಗಳ ಅಂತರ ಇನ್ನೆರಡು ಪಾಯಿಂಟ್ ಹೆಚ್ಚಿಸಿ.